ನೆಗಡಿ ತಂದವರು

“ಜ್ವರ ಶುರುವಾಗಿ ಎಷ್ಟು ದಿನ ಆಯ್ತು?” ಎಂದು ಡಾಕ್ಟರಮ್ಮ ಕೇಳಿದರೆ, ಮಂಚದ ಮೇಲೆ ಕೂತಿದ್ದ ಟೈಲರ್ ಗೋಡೆಯ ಕಡೆ ಮುಖ ತಿರುಗಿಸಿದ. “ಅವಳನ್ನೇ ಕೇಳಿ. ಎಲ್ಲಾ ಗೊತ್ತಿರೋದು ಅವಳಿಗೇ ತಾನೆ!”

“ಹೌದು, ಗೊತ್ತು ಅಂತ ಅವರಿಗೆ ಹೇಳಿ ಡಾಕ್ಟ್ರೇ,” ಎಂದಳು ಬಾಗಿಲ ಬಳಿ ನಿಂತಿದ್ದ ಹೆಂಡತಿ. “ನೆಗಡಿ ಬಿಟ್ಟ ಮೇಲೂ ಜ್ವರ ಬಿಟ್ಟಿಲ್ಲ. ಪ್ಯಾಂಟಿನ ಸೊಂಟ ಎರಡು ಸಲ ಬಿಗಿ ಮಾಡಿ ಹೊಲ್ದೆ. ಇವತ್ತು ಮತ್ತೆ ಜಾರ್ತಿತ್ತು. ಅದಕ್ಕೇ ಎಳ್ಕೊಂಡು ಬಂದೆ.”

ಗಂಡ ಹೆಂಡತಿ ಒಂದೇ ಅಂಗಡಿಯಲ್ಲಿ ದುಡಿಯುವವರು. ಅವನು ಕತ್ತರಿಸಿದ್ದನ್ನು ಅವಳು ಹೊಲಿಯಬೇಕು, ಮಾತು ಬಿಟ್ಟರೆ ಕೆಲಸ ಸಾಗದು. ಹಾಗಾಗಿ ಜಗಳವಾದಾಗಲೆಲ್ಲ ಇಬ್ಬರೂ ಅಂಗಡಿಯ ಮುಂದೆ ಕೋಟು ತೊಟ್ಟು ನಿಂತ ಗೊಂಬೆಯ ಜೊತೆ ಮಾತಾಡುತ್ತಿದ್ದರು. “ತೋಳು ಅರ್ಧ ಇಂಚು ಗಿಡ್ಡ ಆಯ್ತು ಅಂತ ಹೇಳೇ ಗೊಂಬೆ!” ಈ ಸಲದ ಜಗಳ ನೆಗಡಿಯದು. ಅಳತೆ ಕೊಡಲು ಬಂದು ಅಂಗಡಿ ತುಂಬ ಸೀನಿ ಹೋದ ಅವಳ ತಮ್ಮನೇ ನೆಗಡಿ ತಂದವನು ಎಂದು ಇವನ ವಾದ. ಅಲ್ಲ, ಇವನ ಅಕ್ಕ ಎಂದು ಅವಳ ವಾದ. ನೆಗಡಿ ಇಬ್ಬರಿಗೂ ಹಿಡಿಯಿತು, ಹೆಂಡತಿಯದು ವಾಸಿಯಾಯಿತು. ಇವನದು ಹೋದಂತೆ ಮಾಡಿ ಜ್ವರವಾಗಿ ಕೂತಿತು. ವಾದ ಗೆಲ್ಲೋಕೆ ನಾಟಕ ಆಡ್ತಿದಾರೆ ಎಂದು ಅವಳು ಗೊಂಬೆಗೆ ದೂರು ಹೇಳಿದ್ದೂ ಉಂಟು.

ಆಸ್ಪತ್ರೆಯಲ್ಲಿ ಗೊಂಬೆ ಎಲ್ಲಿಂದ ಬರಬೇಕು? ಆ ಕರ್ಮ ಡಾಕ್ಟರಮ್ಮನ ಪಾಲಿಗೆ ಬಂದಿತ್ತು.

“ನೋಡಿ ಯಜಮಾನ್ರೇ,” ಎಂದರು ಅವರು, ಸಂಜೆ ಕೈಗೆ ಬಂದ ರಕ್ತದ, ಹೃದಯದ ಸ್ಕ್ಯಾನಿನ ರಿಪೋರ್ಟು ತಿರುವುತ್ತ. “ನೆಗಡಿ ವೈರಸ್ಸಿಂದ ಬಂದಿದ್ದು, ಹೋಯ್ತು. ಅದು ಮೈ ಸೋಲಿಸಿದ್ದೇ ಸಮಯ ಅಂತ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ, ಹೃದಯದ ಕವಾಟದ ಮೇಲೆ ಠಿಕಾಣಿ ಹೂಡಿದೆ. ಇವತ್ತೇ ಅಡ್ಮಿಟ್ ಆಗಿ. ಕೆಲವು ವಾರ ಡ್ರಿಪ್ಪಲ್ಲಿ ಔಷಧಿ ಕೊಟ್ರೆ ವಾಸಿ ಮಾಡಬಹುದು. ಬಿಟ್ರೆ ಜೀವಕ್ಕೇ ಅಪಾಯ.”

ಟೈಲರ್‌ನ ಕಣ್ಣು ಅರಳಿತು. “ಅಂದ್ರೆ ಎಲ್ಲದಕ್ಕೂ ಮೂಲ ಆ ನೆಗಡಿ! ತಂದೋರು ಯಾರು ಅಂತ ಅವಳು ಒಪ್ಕೊಳ್ಳಲಿ. ಅಲ್ಲೀವರೆಗೂ ನಾನು ಅಡ್ಮಿಟ್ ಆಗಲ್ಲ.” ಮನೆಗೆ ಹೊರಟವನಂತೆ ಶರ್ಟಿನ ಗುಂಡಿ ಹಾಕಿಕೊಳ್ಳತೊಡಗಿದ. ಬೆರಳು ಗುಂಡಿಯನ್ನು ತಡಕಾಡಿತು. ಒಂದು ಗುಂಡಿಯೂ ಕಾಜಾಕ್ಕೆ ಸೇರಲಿಲ್ಲ.

ಆ ಬೆರಳುಗಳನ್ನು ನೋಡುತ್ತಿದ್ದ ಹೆಂಡತಿಯ ಕಣ್ಣು ತುಂಬಿ ಬಂತು. ಹತ್ತಿರ ಬಂದು ಅವನ ಕೈ ಹಿಡಿದಳು. “ರೀ, ನನ್ನ ತಮ್ಮನೇ ತಂದಿದ್ದು. ತಪ್ಪು ನಮ್ಮ ಕಡೇದೇ. ಆಯ್ತಾ? ಈಗ ಮಲಗಿ.”

ಮದುವೆಯಾದಾಗಿನಿಂದ ಯಾವ ಜಗಳದಲ್ಲೂ ಅವಳು ಸೋತವಳಲ್ಲ. ಗೆದ್ದ ಖುಷಿ ಟೈಲರ್‌ನ ಮುಖಕ್ಕೆ ಬಂದಷ್ಟೇ ಬೇಗ ಇಳಿದುಹೋಯಿತು. ಡಾಕ್ಟರಮ್ಮನ ಕಡೆ ತಿರುಗಿದ.

“ಡಾಕ್ಟ್ರೇ, ಮುಚ್ಚುಮರೆ ಮಾಡ್ಬೇಡಿ,” ಎಂದ. “ನನ್ನ ಸ್ಥಿತಿ ಅಷ್ಟೊಂದು ಕೆಟ್ಟಿದೆಯಾ?”