ದಿನಕ್ಕೊಂದು ದೊಡ್ಡ ಪದ

ನಂಬಿದರೆ ನಂಬಿ, ಇದು ನಡೆದದ್ದೇ. ಕಾಲೇಜಿನಲ್ಲಿ ಖಾಲಿಯಿದ್ದದ್ದು ಒಂದೇ ಮೇಷ್ಟರ ಕೆಲಸ. ಸಂದರ್ಶನಕ್ಕೆ ಹೊರಟವರು ಒಂದೇ ರೂಮಿನ ಶ್ರೀಕಂಠ ಮತ್ತು ಸಿದ್ದಲಿಂಗ. ಸಿದ್ದಲಿಂಗ ದಿನಾ ಹಲ್ಲುಜ್ಜುತ್ತಲೇ ಒಂದು ಕಠಿಣ ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದ. ಬಾಯ್ತುಂಬ ನೊರೆಯಿದ್ದ ಆ ದನಿಯನ್ನು ಅಣಕಿಸುವುದು ಶ್ರೀಕಂಠನ ನಿತ್ಯಕರ್ಮ.

ಸಂದರ್ಶನದ ಬೆಳಿಗ್ಗೆ ಶ್ರೀಕಂಠ ತಾನೇ ಹುಟ್ಟಿಸಿದ ಪದವೊಂದನ್ನು ಕೊಟ್ಟ. "ಗ್ರಾಂಬಿವಲೆಂಟ್. ಮಹಾ ವಿದ್ವಾಂಸರು ಅಂತ ಅರ್ಥ. ಸಂದರ್ಶನ ಮಾಡೋರನ್ನ ಹಾಗೆ ಹೊಗಳು, ಕೆಲಸ ನಿಂದೇ ಕಣೋ!"

ಸಿದ್ದಲಿಂಗ ಮೊದಲು ಒಳಗೆ ಹೋಗಿ ಬಂದ. ಆಮೇಲೆ ಶ್ರೀಕಂಠನ ಸರದಿ.

"ಈಗ ಬಂದಿದ್ದ ಹುಡುಗ ನಮ್ಮನ್ನ ಗ್ರಾಂಬಿವಲೆಂಟ್ ಅಂದ ಕಣ್ರೀ," ಎಂದರು ಸಂದರ್ಶನ ಸಮಿತಿಯ ಅಧ್ಯಕ್ಷರು, ಪಕ್ಕದ ಇಬ್ಬರ ಕಡೆ ನೋಡಿ ಬೀಗುತ್ತ. "ಎಂಥ ಪದಸಂಪತ್ತು!"

ಗೆಳೆಯನನ್ನು ಮುಗಿಸಲು ಇದೇ ಸಮಯವೆಂದು ಶ್ರೀಕಂಠ ನಕ್ಕ. "ಸಾರ್, ಅಂಥ ಪದವೇ ಇಲ್ಲ!"

ಮೂವರ ಮುಖವೂ ಕಪ್ಪಿಟ್ಟಿತು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ನೀವಿನ್ನು ಹೊರಡಿ."

ಜೋಲುಮುಖ ಹೊತ್ತು ಹೊರಬಂದ ಶ್ರೀಕಂಠ ನಡೆದದ್ದನ್ನು ಹೇಳಿದಾಗ, ಹೊರಗೆ ಸರದಿಗೆ ಕಾದಿದ್ದ ಉಳಿದವರೆಲ್ಲರಿಗಿಂತ ಜೋರಾಗಿ ನಕ್ಕವನು ಸಿದ್ದಲಿಂಗ. "ಆ ಪದ ಡಿಕ್ಷನರೀಲಿ ಇಲ್ಲ ಅಂತ ಬೆಳಿಗ್ಗೇನೇ ನೋಡ್ಕೊಂಡೆ ಕಣೋ. ಇಲ್ಲದ ಪದದಲ್ಲಿ ತಪ್ಪು ಹಿಡಿಯೋರ್ಯಾರು? ಅದಕ್ಕೇ ಧೈರ್ಯವಾಗಿ ಹೇಳ್ದೆ!"