ಹೊಸ ಕಂಪನಿಯ ನೇರಳೆ ರೈಲು

ಕೌಸಲ್ಯಾಬಾಯಿ ಬೋಗಿಯ ಬಾಗಿಲ ಕಂಬಿ ಹಿಡಿದು ಕಾಲೆತ್ತಿದರು. ಆಪರೇಷನ್ ಆದ ಮಂಡಿ ಮೊದಲ ಮೆಟ್ಟಿಲವರೆಗೂ ಏಳಲಿಲ್ಲ. ಹಿಂದೆ ಅವರ ಗಂಡ ವಿಠ್ಠಲರಾಯರು ಫೋನಿನಲ್ಲಿದ್ದ ಜಾಹೀರಾತನ್ನು ಅಟೆಂಡರನ ಮುಖಕ್ಕೆ ಹಿಡಿದು ಜಗಳಕ್ಕೆ ನಿಂತಿದ್ದರು. ಚಿತ್ರದಲ್ಲಿ ಬಾಗಿಲು ಪ್ಲಾಟ್‌ಫಾರ್ಮಿನ ಮಟ್ಟಕ್ಕಿತ್ತು. ಪೆರಂಬೂರು ಸ್ಟೇಷನ್ನಿಗೆ ಬಂದು ನಿಂತದ್ದು ಅದೇ ಹಳೆಯ ಬೋಗಿ, ಅದೇ ಎತ್ತರದ ಕಬ್ಬಿಣದ ಮೆಟ್ಟಿಲು, ಮೇಲೆ ಹೊಸ ಕಂಪನಿಯ ನೇರಳೆ ಬಣ್ಣ.

“ಪುದು ಟ್ರೈನ್‌ದಾನ್ ಸಾರ್,” ಹೊಸ ರೈಲೇ ಎಂದು ಅಟೆಂಡರ್ ತಮಿಳಿನಲ್ಲಿ ಮತ್ತೆ ಅದನ್ನೇ ಹೇಳಿದ.

“ಹತ್ತೋಕೆ ಮನೆಯಿಂದ ಸ್ಟೂಲ್ ತಗೋತೀನಿ ಅಂದೆ. ಹೊಸ ರೈಲಿಗೆ ಅದ್ಯಾಕೆ ಅಂತ ನೀವೇ ಬಿಡಿಸಿದ್ರಿ,” ಎಂದರು ಕೌಸಲ್ಯಾಬಾಯಿ ಗಂಡನಿಗೆ, ಕಂಬಿ ಬಿಡದೆ.

ರಾಯರು ಸಿಟ್ಟಿನಲ್ಲಿ ಕೈಯಲ್ಲಿದ್ದ ಪೆಟ್ಟಿಗೆಯನ್ನು ಹೆಂಡತಿಯ ಕಾಲ ಬಳಿ ಕುಕ್ಕಿದರು. “ಇದರ ಮೇಲೆ ಕಾಲಿಟ್ಟು ಹತ್ತು. ನಾಳೆ ಮೈಸೂರಲ್ಲಿ ಮಗಳು ಅಕ್ಷಯಾಳ ಸೀಮಂತ. ಬೇರೆ ಯಾವ ರೈಲಲ್ಲೂ ಟಿಕೆಟ್ ಇಲ್ಲ.”

“ಅದರಲ್ಲಿ ಸಾಲಿಗ್ರಾಮ ಇದೆ ರೀ.”

ರಾಯರು ಬೆಚ್ಚಿ ಪೆಟ್ಟಿಗೆಯನ್ನೆತ್ತಿ ಎದೆಗವಚಿಕೊಂಡರು. ಅಷ್ಟರಲ್ಲಿ ಬೋಗಿ ಮೆಲ್ಲಗೆ ಜರುಗಿತು. ಅಟೆಂಡರ್ ಒಳಗೆ ಹತ್ತಿಕೊಂಡ. ಕೌಸಲ್ಯಾಬಾಯಿ ಕಂಬಿ ಬಿಟ್ಟರು.

ಕೊನೆಯ ಬೋಗಿಯೂ ದಾಟಿಹೋಯಿತು. “ಸುಮ್ನೆ ಬಿಡಲ್ಲ ಇವರನ್ನ, ಕಂಪ್ಲೇಂಟ್ ಕೊಡ್ತೀನಿ,” ಎಂದು ಆಮೇಲೆ ರಾಯರು ಗೊಣಗಿದರು. “ಹೊಸ ರೈಲಂತೆ. ಹೊಸದು ಏನಿತ್ತೇ ಅದರಲ್ಲಿ?”

ಕೌಸಲ್ಯಾಬಾಯಿ ಅಂಗೈ ಬಿಚ್ಚಿ ತೋರಿಸಿದರು. ನೇರಳೆ ಬಣ್ಣ ಇನ್ನೂ ಹಸಿಯಾಗಿತ್ತು.