ಬಲಗಡೆಯ ಹೂವು

ಆ ಗುಡಿಯಲ್ಲಿ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವಂತಿಲ್ಲ, ಮನಸ್ಸಿನಲ್ಲೇ ಕೇಳಬೇಕು. ಅಮ್ಮನವರ ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಮೂವತ್ತು ವರ್ಷಗಳ ಹಿಂದೆ, ಗಂಡ ಸತ್ತ ತಿಂಗಳಿಗೆ, ಅವಳು ದೂರದ ಊರಿನಿಂದ ಹಸುಗೂಸನ್ನು ಎತ್ತಿಕೊಂಡು ಬಂದು ಕೇಳಿದ್ದಳು. ಬಲಗಡೆಯ ಹೂವು ಬಿತ್ತು. ಅವಳು ಹಾಗೆಯೇ ನಡೆದುಕೊಂಡಳು. ಆಮೇಲೆ ವರ್ಷಕ್ಕೊಮ್ಮೆ ಒಬ್ಬಳೇ ಬಂದು ಕೈಮುಗಿದು ಹೋಗುತ್ತಿದ್ದಳು.

ಈ ಸಲ ಮುದಿ ಅರ್ಚಕರು ಅವಳನ್ನು ತಮ್ಮ ಜಗುಲಿಗೆ ಕರೆದರು.

“ಸಾಯೋ ಮುಂಚೆ ಹೇಳಿಬಿಡ್ತೀನಮ್ಮ. ಅವತ್ತು ಹೂವು ಕೊಟ್ಟಿದ್ದು ದೇವರಲ್ಲ. ಬಲಗಡೇದು ಬೀಳಲಿ ಅಂತ ನಾನೇ ಸಡಿಲವಾಗಿ ಇಟ್ಟಿದ್ದೆ.”

“ಯಾಕೆ ಅಯ್ನೋರೇ?”

“ನಿನ್ನ ಮುಖ ನೋಡೋಕಾಗಲಿಲ್ಲ. ಈ ಕೂಸು ಕಟ್ಕೊಂಡು ಬದುಕ್ತೀನಾ ಅಂತ ತಾನೇ ನೀನು ಕೇಳಿದ್ದು? ಜನಕ್ಕೆ ದೇವರು ಬೇಕಾಗಿರೋದೇ ಧೈರ್ಯಕ್ಕೆ. ಅದನ್ನ ನಾನು ಕೊಟ್ಟೆ. ತಪ್ಪೇನಮ್ಮ?”

ಅವಳು ಗುಡಿಯ ಕಡೆ ತಿರುಗಿ ನೋಡಿದಳು.

“ಒಂದು ಸಲಾನಾದ್ರೂ ಮಗನ್ನ ಕರ್ಕೊಂಡು ಬಂದು ತೋರಿಸಿದ್ಯಾ, ಜಿಪುಣಿ? ಈಗೆಲ್ಲಿದ್ದಾನೆ?”

“ಗೊತ್ತಿಲ್ಲ ಅಯ್ನೋರೇ,” ಎಂದಳು ಅವಳು. “ಕೂಸನ್ನ ಬೇರೆಯೋರಿಗೆ ಕೊಟ್ಟುಬಿಡ್ಲಾ ಅಂತ ನಾನು ಕೇಳಿದ್ದು.”